ರಚನೆ ಗೋವಿಂದರಾಜು, ತಪಾಸಣೆ ಗೋವಿಂದರಾಜು

ನಮ್ಮ ಭಾವ ಗೋವಿಂದರಾಜು ತಪ್ಪು ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಪ್ಪಿಟ್ಟಿನ ಮೇಲೆ ಉಪ್ಪೆಂದು ಸಕ್ಕರೆ ಉದುರಿಸಿಕೊಂಡದ್ದನ್ನು ನೋಡಿದ್ದೇನೆ. ಛತ್ರದಲ್ಲಿ ಮಹಡಿ ತಪ್ಪಿ, ಯಾರದೋ ಮದುವೆಯಲ್ಲಿ ಊಟ ಮುಗಿಸಿ, ತಾಂಬೂಲವನ್ನೂ ತೆಗೆದುಕೊಂಡು ಬಂದದ್ದನ್ನು ನೋಡಿದ್ದೇನೆ. ಆದರೆ ಅಳತೆಯಲ್ಲಿ ಅವರು ತಪ್ಪಿದ್ದನ್ನು ನೋಡಿರಲಿಲ್ಲ. ನನ್ನ ಅಕ್ಕ ಕಮಲ ಹೋಳಿಗೆ ತಟ್ಟುತ್ತಿದ್ದರೆ ಪಕ್ಕದಲ್ಲಿ ನಿಂತು, "ಇದು ಮೊದಲನೇದಕ್ಕಿಂತ ಒಂದು ನೂಲು ದಪ್ಪ ಕಣೇ" ಎನ್ನುವ ಮನುಷ್ಯ. ಅಕ್ಕ "ಹಾಗಾದ್ರೆ ಅದನ್ನ ತಿನ್ನಬೇಡಿ" ಎನ್ನುತ್ತಿದ್ದಳು. ಅವರು ಅದನ್ನೇ ತಿನ್ನುತ್ತಿದ್ದರು.

ಅವರ ಅಜ್ಜ ಅರಮನೆಯ ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದರು ಎಂದು ಅವರ ಮನೆಯಲ್ಲಿ ಹೇಳುತ್ತಾರೆ. ಭಾವನಿಗೆ ಈ ಮಾತು ಹೇಳಲು ಕಾರಣವೇ ಬೇಕಿರಲಿಲ್ಲ. ಓದಿದ್ದು ಡಿಪ್ಲೊಮಾ. ದುಡಿದದ್ದು ಊರಾಚೆಯ ದೊಡ್ಡ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ, ಎತ್ತರದ ಸ್ಟೂಲಿನ ಮೇಲೆ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು. ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿಲ್ಲದೆ ಅಕ್ಕನ ತಲೆ ತಿನ್ನತೊಡಗಿದ್ದರು. ಕೊರೋನಾ ಬಂದು ಎಲ್ಲರೂ ಮನೆಯಲ್ಲೇ ಕೂತಾಗ ಅವರ ಮಗಳು ಗಾರ್ಗಿ, ಇದೇ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು, ಅಪ್ಪನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಅದರಲ್ಲೇ ಡ್ರಾಯಿಂಗ್ ಬರೆಯುವ ಕ್ಯಾಡ್ ಕಲಿಸಿದಳು. ಮೊದಮೊದಲು ಮೌಸ್ ಹಿಡಿಯುವಾಗ ಅವರ ಕೈ ಬೆವರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಿಟ್ಟು ಏಳಿಸುವುದೇ ಕಷ್ಟವಾಯಿತು. ಕಿವಿಯ ಮೇಲಿನ ಪೆನ್ಸಿಲ್ ಮಾತ್ರ ಹಾಗೇ ಉಳಿಯಿತು.

ಕುವೆಂಪುನಗರದ ಮನೆಯ ಗೇಟಿಗೆ "ಇಲ್ಲಿ ಹಳೆಯ ಗೇರ್‌ಗಳ ಡ್ರಾಯಿಂಗ್ ಮಾಡಿಕೊಡಲಾಗುವುದು" ಎಂದು ಬೋರ್ಡು ಬಂತು. ಹಿಟ್ಟಿನ ಗಿರಣಿಯವರು, ಕಬ್ಬಿನ ಹಾಲಿನವರು, ಶಾವಿಗೆ ಒತ್ತುವವರು, ಹಲ್ಲು ಮುರಿದ ಗೇರನ್ನು ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಯಂತ್ರ ಮಾಡಿದ ಕಂಪನಿ ಮುಚ್ಚಿಹೋಗಿರುತ್ತದೆ, ಬಿಡಿಭಾಗ ಸಿಗುವುದಿಲ್ಲ. ಭಾವ ಹಲ್ಲು ಎಣಿಸಿ, ಅಗಲ ಅಳೆದು, ಕಂಪ್ಯೂಟರಿನಲ್ಲಿ ಹೊಸ ಗೇರ್ ಬರೆಯುತ್ತಿದ್ದರು. ಅದನ್ನು ಉಕ್ಕಿನಲ್ಲಿ ಕತ್ತರಿಸುತ್ತಿದ್ದವನು ಮಹೇಂದ್ರ. ಬೋಗಾದಿಯ ಆಚೆ ಒಂದು ಶೆಡ್ಡಿನಲ್ಲಿ ಅವನಿಗೆ ಕಬ್ಬಿಣ ಕಡೆಯುವ ಒಂದು ಲೇತು, ಒಂದು ಗೇರ್ ಕತ್ತರಿಸುವ ಯಂತ್ರ, ಜೊತೆಗೆ ಬಿಲ್ಲು ಬರೆಯುವುದಕ್ಕೂ ಗಿರಾಕಿಗಳೊಡನೆ ಜಗಳವಾಡುವುದಕ್ಕೂ ಹೆಂಡತಿ ಕುಸುಮ. ಅಪ್ಪನ ಹೊಲವೆಲ್ಲ ಲೇಔಟ್ ಆಗಿ, ಉಳಿದ ಒಂದು ತುಂಡಿನಲ್ಲಿ ಆ ಶೆಡ್ಡು ನಿಂತಿತ್ತು. ಮಹೇಂದ್ರನಿಗೆ ಭಾವನ ಮೇಲೆ ಎಂಥ ಭಕ್ತಿ ಎಂದರೆ, ಅವರ ಡ್ರಾಯಿಂಗನ್ನು ಮಡಿಸುತ್ತಿರಲಿಲ್ಲ, ಸುರುಳಿ ಸುತ್ತುತ್ತಿದ್ದ.

ಆ ಡ್ರಾಯಿಂಗಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಮೇಲೆ ಮೂಲೆಯಲ್ಲಿ "ಶ್ರೀ" ಇರುತ್ತಿತ್ತು. ಕೆಳಗೆ ಬಲಗಡೆಯ ಚೌಕದಲ್ಲಿ ಎರಡು ಸಾಲು. ರಚನೆ ಯಾರದು, ತಪಾಸಣೆ ಯಾರದು ಎಂದು. ಕಾರ್ಖಾನೆಯಲ್ಲಿ ಬರೆದವನೇ ತಪಾಸಣೆ ಮಾಡುವ ಹಾಗಿರಲಿಲ್ಲ. ಇನ್ನೊಬ್ಬ ಕೂತು ಕೆಂಪು ಪೆನ್ನು ಹಿಡಿದು ಪ್ರತಿಯೊಂದು ಅಳತೆಯನ್ನೂ ನೋಡಬೇಕಿತ್ತು. ಮನೆಯಲ್ಲಿ ಇನ್ನೊಬ್ಬ ಎಲ್ಲಿಂದ ಬರಬೇಕು? ಭಾವ ಎರಡೂ ಕಡೆ ತಮ್ಮ ಹೆಸರನ್ನೇ ಹಾಕುತ್ತಿದ್ದರು. "ನೀವು ಬರೆದದ್ದಕ್ಕೆ ನೀವೇ ನೂರಕ್ಕೆ ನೂರು ಕೊಟ್ಕೊಳ್ತೀರಲ್ಲ ಭಾವ" ಎಂದು ನಾನು ಛೇಡಿಸಿದರೆ, "ನಿನ್ನ ವಿಮೆ ಪಾಲಿಸಿಗಿಂತ ವಾಸಿ ಕಣೋ" ಎನ್ನುತ್ತಿದ್ದರು. ನಾನು ವಿಮೆ ಏಜೆಂಟ್. ನನ್ನ ಹತ್ತಿರ ಸ್ಕೂಟರ್ ಇದೆ, ಅವರ ಹತ್ತಿರ ಇಲ್ಲ. ಹಾಗಾಗಿ ಅವರ ಎಲ್ಲ ಕಥೆಗೂ ನಾನೇ ಸಾರಥಿ.

ಈಗ ಲಿಂಗರಾಜುವಿನ ವಿಷಯಕ್ಕೆ ಬರುತ್ತೇನೆ. ಶ್ರೀರಾಂಪುರದಲ್ಲಿ ಅವನದು ಕಾಫಿಪುಡಿ ಅಂಗಡಿ. ಅವನಪ್ಪ ನಿಂಗಯ್ಯ, ಕೊಡಗಿನ ಕಡೆ ಯಾವುದೋ ತೋಟ ಮಾರಾಟವಾದಾಗ, ಕಾಫಿ ಬೀಜ ಹುರಿಯುವ ಒಂದು ಇಂಗ್ಲೆಂಡಿನ ಯಂತ್ರವನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದನಂತೆ. ಕೆಳಗೆ ಬೆಂಕಿ, ಮೇಲೆ ತಿರುಗುವ ಕಬ್ಬಿಣದ ಪೀಪಾಯಿ. ಅದನ್ನು ತಿರುಗಿಸಲು ಒಂದು ದೊಡ್ಡ ಗೇರು, ಒಂದು ಚಿಕ್ಕ ಗೇರು. ಪೀಪಾಯಿ ತಿರುಗುತ್ತಿದ್ದರೆ ಬೀಜ ಹದವಾಗಿ ಕೆಂಪಾಗುತ್ತದೆ, ನಿಂತರೆ ಕರಿಯಾಗುತ್ತದೆ. ಹೋದ ವರ್ಷ ಶ್ರಾವಣದಲ್ಲಿ ದೊಡ್ಡ ಗೇರಿನ ಹಲ್ಲು ಉದುರಿತು. ಲಿಂಗರಾಜು ನಮ್ಮ ಭಾವನನ್ನು ಕರೆಸಿದ.

"ಸಾರ್, ಇದು ನಮ್ಮಪ್ಪನ ಕಾಲ್ದು. ಇದ್ರಲ್ಲಿ ಹುರ್ದಂಗೆ ಬ್ಯಾರೆ ಮೆಶಿನ್‌ನಲ್ಲಿ ಬರಾಕಿಲ್ಲ. ಹೆಂಗಾರ ಮಾಡಿ ಬದುಕಿಸ್ಕೊಡಿ" ಎಂದ.

"ಹಲ್ಲಿರೋ ಯಾವುದನ್ನೂ ನಾನು ಸಾಯೋಕೆ ಬಿಟ್ಟಿಲ್ಲಪ್ಪ" ಎಂದರು ಭಾವ. ಕಾಫಿಪುಡಿಗೆ ಬಂದವರೆಲ್ಲ ನಕ್ಕರು. ಭಾವನಿಗೆ ಜನ ನಗುವುದು ಇಷ್ಟ, ತಮ್ಮ ಮಾತಿಗೆ ನಕ್ಕರೆ.

ನಾನು ಟಾರ್ಚ್ ಹಿಡಿದೆ. ಯಂತ್ರದ ಹಿಂದೆ ಕತ್ತಲು, ಗ್ರೀಸಿನ ಮೇಲೆ ಗ್ರೀಸು. ಭಾವ ಮುರಿದ ಗೇರಿನ ಅಗಲವನ್ನು ಕ್ಯಾಲಿಪರಿನಿಂದ ಅಳೆದರು, ಹಲ್ಲು ಎಣಿಸಿದರು, ಗೇರುಗಳನ್ನು ಹೊತ್ತ ಎರಡು ಶಾಫ್ಟುಗಳ ನಡುವಿನ ದೂರವನ್ನೂ ಅಳೆದರು. ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತರು.

ಗೇರಿನ ಹಲ್ಲು ಎಷ್ಟು ದಪ್ಪ ಎಂದು ಹೇಳುವುದಕ್ಕೆ ಒಂದು ಅಂಕೆ ಇದೆ, ಅದನ್ನು ಮಾಡ್ಯೂಲ್ ಎನ್ನುತ್ತಾರೆ. ಜೊತೆಯಾಗಿ ತಿರುಗುವ ಎರಡು ಗೇರಿಗೂ ಅದು ಒಂದೇ ಆಗಿರಬೇಕು, ಇಲ್ಲದಿದ್ದರೆ ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಕೂರುವುದಿಲ್ಲ. ಗೇರಿನ ಹೊರ ಅಗಲವನ್ನು, ಹಲ್ಲಿನ ಎಣಿಕೆಗೆ ಎರಡು ಕೂಡಿಸಿ ಭಾಗಿಸಿದರೆ ಆ ಅಂಕೆ ಸಿಗುತ್ತದೆ. ಇಷ್ಟು ನನಗೂ ಗೊತ್ತಾಗುವಷ್ಟು ಸಲ ಭಾವ ಹೇಳಿದ್ದರು. ಅವತ್ತು ಬಂದದ್ದು ಎರಡೂವರೆಯ ಮೇಲೆ ಒಂದು ಚೂರು. ತೆರೆಯ ಮೇಲಿನ ಪಟ್ಟಿಯಲ್ಲಿ ಎರಡೂವರೆ ಇತ್ತು, ಅದರ ಕೆಳಗೆ ಎರಡೂ ಮುಕ್ಕಾಲು. ನಡುವೆ ಏನೂ ಇರಲಿಲ್ಲ.

"ಆ ಚೂರು ಏನು ಭಾವ?" ಎಂದೆ.

"ಹಳೇ ಗೇರು ಕಣೋ. ಸವೆದಿದೆ. ಸವೆದಾಗ ಅಳತೆ ಹೀಗೇ ಅಡ್ಡಾದಿಡ್ಡಿ ಬರುತ್ತೆ" ಎಂದು ಎರಡೂವರೆಯನ್ನು ಒತ್ತಿದರು.

ತೆರೆಯ ಮೇಲೆ ಹೊಸ ಗೇರು ಚೆಂದವಾಗಿ ಹುಟ್ಟಿತು. ಪಕ್ಕದಲ್ಲಿ ಚಿಕ್ಕದನ್ನೂ ಅದೇ ಎರಡೂವರೆಗೆ ಬರೆದು, ತಾವು ಅಳೆದ ದೂರದಲ್ಲಿ ಇಟ್ಟರು. ಎರಡರ ಹಲ್ಲುಗಳ ನಡುವೆ ಸಂದು ಕಂಡಿತು. ಒಂದು ಮಿಲಿಮೀಟರಿನಷ್ಟು. ಭಾವ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಆ ಕತ್ತಲಲ್ಲಿ, ಆ ಗ್ರೀಸಿನಲ್ಲಿ ಅಳೆದಿದ್ದು, ದೂರ ಎಲ್ಲೋ ತಪ್ಪಿರುತ್ತೆ" ಎಂದು ತಮಗೇ ಹೇಳಿಕೊಂಡು, ಮೌಸಿನಿಂದ ಚಿಕ್ಕ ಗೇರನ್ನು ಹಿಡಿದು ಒಂದಿಷ್ಟು ಇತ್ತ ಸರಿಸಿದರು. ಹಲ್ಲಿಗೆ ಹಲ್ಲು ಮುದ್ದಾಗಿ ಕೂತವು. ತಿರುಗಿಸಿ ತೋರಿಸಿದರು. ಬೆಣ್ಣೆಯಂತೆ ತಿರುಗಿತು. ತೆರೆಯ ಮೇಲೆ ಸರಿಸಲು ಏನು ಕಷ್ಟ? ಶ್ರೀರಾಂಪುರದಲ್ಲಿ ಆ ಶಾಫ್ಟು ಎರಕದ ಕಬ್ಬಿಣದೊಳಗೆ ನಿಂಗಯ್ಯನ ಕಾಲದಿಂದ ಕೂತಿತ್ತು, ಅದು ಯಾರ ಮೌಸಿಗೂ ಸರಿಯುವಂಥದ್ದಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಭಾವ ನೆಲವನ್ನೇ ಎಳೆದು ನೆಟ್ಟಗೆ ಮಾಡಿದರು.

ರಚನೆ ಗೋವಿಂದರಾಜು, ತಪಾಸಣೆ ಗೋವಿಂದರಾಜು. ಮಹೇಂದ್ರನಿಗೆ ಹೋಯಿತು. ಅವನು ಡ್ರಾಯಿಂಗಿನಂತೆ ಕತ್ತರಿಸಿಕೊಟ್ಟ.

ಹೊಸ ಗೇರು ಹಾಕಿದ ದಿನದಿಂದಲೇ ಯಂತ್ರ ಗುರ್ ಎನ್ನುತ್ತಿತ್ತಂತೆ. "ಹೊಸದು, ಪಳಗಲಿ" ಎಂದು ಭಾವ ಫೋನಿನಲ್ಲೇ ಸಮಾಧಾನ ಹೇಳಿದರು. ಗೌರಿ ಹಬ್ಬದ ಹಿಂದಿನ ದಿನ, ಅಂಗಡಿ ತುಂಬ ಜನ ನಿಂತಿದ್ದಾಗ, ಪೀಪಾಯಿ ತುಂಬ ಬೀಜವಿದ್ದಾಗ, ಗೇರು ಮುರಿಯಿತು. ಬೆಂಕಿ ಆರಿಸಿ ಬೀಜ ಹೊರಗೆ ತೆಗೆಯುವಷ್ಟರಲ್ಲಿ ಎಲ್ಲ ಇದ್ದಿಲು. ನಾವು ಸ್ಕೂಟರಿನಲ್ಲಿ ಹೋದಾಗ ಇನ್ನೂ ತಿರುವಿನಲ್ಲೇ ಸುಟ್ಟ ವಾಸನೆ ಬಂತು. ಹಬ್ಬಕ್ಕೆ ಪುಡಿ ಸಿಗದವರು ಬೀದಿಯಲ್ಲಿ ನಿಂತು ಮೂಗು ಮುಚ್ಚಿಕೊಂಡು ಮಾತನಾಡುತ್ತಿದ್ದರು. ಮಹೇಂದ್ರ ನಮಗಿಂತ ಮೊದಲೇ ಬಂದು, ಮುರಿದ ಹಲ್ಲುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದ.

"ಏನ್ ಸಾರ್ ಇದು?" ಎಂದ ಲಿಂಗರಾಜು. ಅವನು ಕೇಳಿದ್ದು ಭಾವನನ್ನು.

ಎಲ್ಲರ ಕಣ್ಣೂ ಭಾವನ ಮೇಲೆ. ಅವರ ಮುಖ ಕೆಂಪಾಯಿತು. ಆ ಹಲ್ಲುಗಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಮಹೇಂದ್ರನ ಕಡೆ ತಿರುಗಿದರು.

"ಡ್ರಾಯಿಂಗ್ ಸರಿಯಾಗಿದೆ. ಕಟಿಂಗ್ ಸರಿಯಿಲ್ಲ. ಏನಯ್ಯಾ, ಮೆಶಿನ್ ಮೇಲೆ ಗಮನ ಇತ್ತೋ, ಫೋನ್ ಮೇಲಿತ್ತೋ? ಇಷ್ಟು ವರ್ಷದಿಂದ ಕತ್ತರಿಸ್ತಿದೀಯ, ಹಲ್ಲು ಕತ್ತರಿಸೋಕೆ ಬರಲ್ವಾ ನಿಂಗೆ?"

ಮಹೇಂದ್ರ ಏನು ಹೇಳುತ್ತಾನೋ ಎಂದು ನಾನು ಕಾದೆ. ಅವನು ತಲೆ ತಗ್ಗಿಸಿದ.

"ಆಗಿರ್ಬೋದು ಸಾರ್. ನಂದೇ ಎಲ್ಲೋ ತಪ್ಪಾಗದೆ. ಇನ್ನೊಂದು ಮಾಡ್ಕೊಡ್ತೀನಿ ಬುಡಿ."

ಅದು ಅವನು ನಮ್ಮ ಭಾವನ ಮಾನ ಉಳಿಸಲು ಆಡಿದ ಮಾತಲ್ಲ. ಅವನು ಅದನ್ನು ನಂಬಿದ್ದ. ಸಾರ್ ತಪ್ಪುವುದಿಲ್ಲ, ಆದ್ದರಿಂದ ತಪ್ಪಿದವನು ತಾನು.

ಅದೇ ಡ್ರಾಯಿಂಗಿನಿಂದ ಇನ್ನೊಂದು ಗೇರು ಮಾಡಿದ. ಅದೂ ಗುರ್ ಎಂದಿತು. ಲಿಂಗರಾಜು ಅದನ್ನು ಬಿಚ್ಚಿಸಿ ಎಸೆದ. ಅವನ ಬೀಗರು, ದಾಯಾದಿಗಳು ಶ್ರೀರಾಂಪುರದಿಂದ ಬೋಗಾದಿಯವರೆಗೂ ಹಿಟ್ಟಿನ ಗಿರಣಿ ಇಟ್ಟವರು, ಮಹೇಂದ್ರನ ಅನ್ನವೇ ಅವರಿಂದ. "ಅವನ ಕೈ ಕೆಟ್ಟೋಗದೆ, ಅವನ ಹತ್ರ ಗೇರ್ ಕೊಡಬ್ಯಾಡಿ" ಎಂದು ಲಿಂಗರಾಜು ಎಲ್ಲರಿಗೂ ಹೇಳಿದ. ಒಬ್ಬೊಬ್ಬರಾಗಿ ಗಿರಣಿಯವರು ಬರುವುದನ್ನು ಬಿಟ್ಟರು.

ಭಾವನಿಗೆ ಜ್ಞಾನೋದಯವಾದದ್ದು ಬಚ್ಚಲಮನೆಯಲ್ಲಿ. ಹಳೆಯ ಕಾಲದ ಯಾರೋ ಪಂಡಿತ ಸ್ನಾನದ ತೊಟ್ಟಿಯಿಂದ ಬತ್ತಲೆ ಓಡಿದನಂತಲ್ಲ, ನಮ್ಮ ಭಾವ ಓಡಲಿಲ್ಲ. ಬಿಸಿನೀರು ತಣ್ಣಗಾಗುವವರೆಗೂ ಒಳಗೇ ಕೂತಿದ್ದರು. ಅಕ್ಕ ಎರಡು ಸಲ ಬಾಗಿಲು ಬಡಿದಳು. ಹೊರಗೆ ಬಂದವರು ಸಂಧ್ಯಾವಂದನೆಗೂ ಕೂರದೆ, ತಿಂಡಿಗೂ ಬರದೆ, ನನಗೆ ಫೋನ್ ಮಾಡಿ ಸ್ಕೂಟರ್ ತರಲು ಹೇಳಿದರು. ಎಲ್ಲಿಗೆಂದು ಕೇಳಿದರೆ, "ಎಲ್ಲಿಗಾದ್ರೂ" ಎಂದರು. ರಿಂಗ್ ರೋಡಿನಲ್ಲಿ ಹೋಗುವಾಗ ಹಿಂದಿನಿಂದ ಮಾತು ಬಂತು. ಮುಖ ನೋಡಿ ಹೇಳಲಾಗದ್ದನ್ನು ಬೆನ್ನಿಗೆ ಹೇಳಿದರು ಅನ್ನಿಸುತ್ತದೆ.

"ಸೋಪು ಸವೆದ್ರೆ ಏನಾಗುತ್ತೋ ಪ್ರದ್ಯುಮ್ನ?"

"ಚಿಕ್ಕದಾಗುತ್ತೆ. ಅಷ್ಟಕ್ಕೆ ಇಷ್ಟು ದೂರ ಬರಬೇಕಿತ್ತಾ?"

"ಆ ಗೇರು ಸವೆದಿದೆ ಅಂದೆ ನಾನು. ಸವೆದಿದ್ರೆ ಎರಡೂವರೆಗಿಂತ ಕಡಿಮೆ ಬರಬೇಕಿತ್ತು ಕಣೋ. ಅದು ಜಾಸ್ತಿ ಬಂತು. ಸವೆದಿದ್ದು ಎಲ್ಲಾದ್ರೂ ದೊಡ್ಡದಾಗುತ್ತಾ?"

ನಾನು ಸ್ಕೂಟರ್ ನಿಲ್ಲಿಸಿದೆ. ಆಮೇಲೆ ಎಲ್ಲವನ್ನೂ ಹೇಳಿದರು. ಅದು ಇಂಗ್ಲೆಂಡಿನ ಯಂತ್ರ. ಅದರ ಹಲ್ಲುಗಳನ್ನು ಇಂಚಿನ ಲೆಕ್ಕದಲ್ಲಿ ಕತ್ತರಿಸಿರುತ್ತಾರೆ, ಮಿಲಿಮೀಟರಿನ ಲೆಕ್ಕದ ಎರಡೂವರೆ ಅಲ್ಲ, ಎರಡೂವರೆಯ ಮೇಲೆ ಆ ಒಂದು ಚೂರು. ಇಂಚಿನ ಗೇರುಗಳನ್ನು ಅವರು ಕಾರ್ಖಾನೆಯಲ್ಲೇ ಬೇಕಾದಷ್ಟು ನೋಡಿದ್ದರು. ಗೊತ್ತಿಲ್ಲದ ವಿಷಯವೇ ಅಲ್ಲ. ಕ್ಯಾಲಿಪರ್ ಸರಿಯಾಗಿ ಹೇಳಿತ್ತು, ಇವರು ಕೇಳಿರಲಿಲ್ಲ. ಶಾಫ್ಟುಗಳ ನಡುವಿನ ದೂರವನ್ನೂ ಸರಿಯಾಗಿಯೇ ಅಳೆದಿದ್ದರು. ಎರಡು ಅಳತೆಗಳು ಸೇರಿಕೊಂಡು ಕೂಗಿ ಹೇಳುತ್ತಿದ್ದಾಗ, ಅವರು ತೆರೆಯ ಮೇಲೆ ಗೇರನ್ನು ಸರಿಸಿ ಬಾಯಿ ಮುಚ್ಚಿಸಿದ್ದರು.

"ಅಷ್ಟು ಜನರ ಎದುರಿಗೆ ಆ ಹುಡುಗನ್ನ ಬೈದೆನಲ್ಲೋ" ಎಂದರು.

"ಹಾಗಾದ್ರೆ ನಡೀರಿ, ಬೋಗಾದಿಗೇ ಹೋಗಿ ಹೇಳೋಣ."

"ಮೊದಲು ಗೇರು ಸರಿಮಾಡಿಸ್ತೀನಿ. ಆಮೇಲೆ ಹೇಳಿದ್ರಾಯ್ತು" ಎಂದರು.

ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಏಕೆಂದರೆ ಅವರು ಗೇರು ಸರಿಮಾಡಿಸಿದ್ದು ಮಹೇಂದ್ರನಿಂದ ಅಲ್ಲ. ಹೊಸ ಅಂಕೆ ಹಾಕಿದ ಡ್ರಾಯಿಂಗ್ ನೋಡಿದರೆ ಅವನು ಕೇಳಿಬಿಡುತ್ತಾನಲ್ಲ ಎಂದು, ಬೆಂಗಳೂರಿನ ಯಾರಿಗೋ ಕಳಿಸಿ ಮಾಡಿಸಿದರು. ಗೇರು ಬಂತು, ಕೂತಿತು, ಸದ್ದಿಲ್ಲದೆ ತಿರುಗಿತು. ಲಿಂಗರಾಜು ಕೈಮುಗಿದ. "ಬೆಂಗ್ಳೂರಲ್ಲಿ ಮಾಡ್ಸಿದ್ರು ಸಾರು. ನೋಡಿ, ಎಂಗೆ ತಿರುಗ್ತದೆ! ನಮ್ಮೋನ ಕೈಲಿ ಆಗ್ಲಿಲ್ಲ" ಎಂದು ಬಂದವರಿಗೆಲ್ಲ ತೋರಿಸಿದ. ಮೊದಲು ಮಹೇಂದ್ರನ ಮೇಲೆ ಅನುಮಾನವಿತ್ತು. ಈಗ ಪುರಾವೆಯೇ ಸಿಕ್ಕಂತಾಯಿತು. ಭಾವ ಅಲ್ಲೇ ನಿಂತು, ಕೊಟ್ಟ ಕಾಫಿ ಹಿಡಿದುಕೊಂಡು, ಲೋಟದೊಳಗೆ ನೋಡುತ್ತಿದ್ದರು. ಕುಡಿಯಲಿಲ್ಲ.

ಅವತ್ತಿನಿಂದ ಅವರು ಕಾಫಿಯನ್ನೇ ಬಿಟ್ಟರು. ಅಕ್ಕ ಹೊಟ್ಟೆ ಉರಿಯಿರಬೇಕೆಂದು ಜೀರಿಗೆ ಕಷಾಯ ಕಾಯಿಸಿಕೊಟ್ಟಳು. ಕುಡಿದರು. ಗಿರಾಕಿಗಳು ಬಂದರೆ ಮನೆಯಲ್ಲಿಲ್ಲ ಎಂದು ಹೇಳಿಸಿದರು. ನಾನು ಕೇಳಿದಾಗೆಲ್ಲ, "ಹೇಳ್ತೀನಿ ಕಣೋ, ಹಬ್ಬ ಕಳೀಲಿ" ಎನ್ನುತ್ತಿದ್ದರು. ಗೌರಿ ಹಬ್ಬ ಕಳೆದಿತ್ತು, ಪಕ್ಷಮಾಸವೂ ಕಳೆಯಿತು.

ಆಯುಧಪೂಜೆಗೆ ಮಹೇಂದ್ರನ ಕರೆ ಬಂತು. ಪ್ರತಿ ವರ್ಷವೂ ಅವನ ಶೆಡ್ಡಿನಲ್ಲಿ ಯಂತ್ರಗಳಿಗೆ ಮೊದಲ ಮಂಗಳಾರತಿ ಭಾವನೇ ಎತ್ತಬೇಕು. ಈ ಸಲ ಕರೆಯುವುದಿಲ್ಲ ಎಂದುಕೊಂಡಿದ್ದೆವು. ಭಾವ ಹೋಗುವುದಿಲ್ಲ ಎಂದರು. ಅಕ್ಕ ವಿಷಯ ಗೊತ್ತಿಲ್ಲದೆ, "ವರ್ಷವರ್ಷ ಕರೀತಾನೆ, ಹೋಗದಿದ್ರೆ ಏನಂದುಕೊಂಡಾನು?" ಎಂದು ಅಂಗಿಯನ್ನು ಇಸ್ತ್ರಿ ಮಾಡಿಯೇ ಕೊಟ್ಟಳು.

ಶೆಡ್ಡನ್ನು ತೊಳೆದಿದ್ದರು. ಲೇತಿಗೆ ಬಾಳೆಕಂದು, ಗೇರ್ ಯಂತ್ರಕ್ಕೆ ಸೇವಂತಿಗೆ ಹಾರ, ಬಾಗಿಲ ಬಳಿ ಒಡೆಯಲು ಬೂದುಗುಂಬಳ. ಪಾನ, ಸುತ್ತಿಗೆ, ಕ್ಯಾಲಿಪರ್ ಎಲ್ಲವನ್ನೂ ಒಂದು ಮಣೆಯ ಮೇಲೆ ಜೋಡಿಸಿ ಅರಿಶಿನ ಕುಂಕುಮ ಇಟ್ಟಿದ್ದರು. ಆ ಮಣೆಯ ನಡುವೆ ಭಾವನ ಡ್ರಾಯಿಂಗು. ಅದೇ. ಎರಡೂವರೆಯದು. ಮೇಲಿನ "ಶ್ರೀ"ಗೆ ಗಂಧ ಹಚ್ಚಿತ್ತು. ಅದರ ಮೇಲೆ, ಲಿಂಗರಾಜು ಎಸೆದಿದ್ದ ಆ ಎರಡನೆಯ ಗೇರು, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

"ಇದ್ಯಾಕಪ್ಪ ಇಲ್ಲಿ?" ಎಂದರು ಭಾವ.

"ನಿಮ್ಮ ಡ್ರಾಯಿಂಗ್‌ನ ನಾನೇ ಕೆಡಿಸ್ಬುಟ್ಟೆ ಸಾರ್. ಕ್ಷಮಿಸು ಅಂತ ದೇವ್ರತ್ರ ಇಟ್ಟಿವ್ನಿ" ಎಂದ ಮಹೇಂದ್ರ. ಆಮೇಲೆ ಯಂತ್ರದ ಮೈ ಸವರುತ್ತ, "ಇದಕ್ಕೆ ಇದೇ ಕೊನೇ ಪೂಜೆ. ಹಬ್ಬ ಆದ್ಮೇಲೆ ನಂಜನಗೂಡಿನೋರು ಬಂದು ತಗೊಂಡೋಯ್ತರೆ. ಲೇತೊಂದು ಸಾಕು ನಂಗೆ. ಗೇರು ನನ್ ಕೈ ಹಿಡೀತಿಲ್ಲ ಸಾರ್. ನೀವು ಆಶೀರ್ವಾದ ಮಾಡಿ" ಎಂದು ಬಗ್ಗಿ ಕಾಲು ಮುಟ್ಟಿದ.

ಭಾವ ಹಿಂದಕ್ಕೆ ಸರಿದರು. ಸರಿಯಲು ಜಾಗವಿರಲಿಲ್ಲ, ಬೂದುಗುಂಬಳ ಕಾಲಿಗೆ ಸಿಕ್ಕಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಅದೇ ಅವರಿಗೆ ತಡೆಯಲಾಗಲಿಲ್ಲ.

"ಏಳಪ್ಪ" ಎಂದರು. "ನನ್ನ ಕಾಲು ಮುಟ್ಟಬೇಡ. ನಿನ್ನ ಕಟಿಂಗ್ ಸರಿಯಾಗಿತ್ತು. ಡ್ರಾಯಿಂಗೇ ತಪ್ಪು. ನಾನು ಅಂಕೆ ತಪ್ಪು ಹಾಕಿದ್ದೆ. ಹೊಂದದೇ ಹೋದಾಗ ಶಾಫ್ಟನ್ನೇ ಸರಿಸಿ ಬರೆದೆ. ಗೊತ್ತಾದ ಮೇಲೂ ನಿನಗೆ ಹೇಳಲಿಲ್ಲ. ಬೆಂಗಳೂರಿಗೆ ಕಳಿಸಿದ್ದು ಬೇರೆ ಡ್ರಾಯಿಂಗು."

ಅವರು ಎತ್ತಬೇಕಿದ್ದ ಮಂಗಳಾರತಿ ತಟ್ಟೆಯಲ್ಲಿ ಕರ್ಪೂರ ಉರಿದು ಆರಿಹೋಯಿತು. ಮಹೇಂದ್ರ ಎದ್ದು ನಿಂತು, ಏನು ಮಾಡಬೇಕೋ ತಿಳಿಯದೆ, "ಬುಡಿ ಸಾರ್, ಹಬ್ಬದ ದಿನ" ಎಂದ. ಅವನಿಗೆ ನಾಚಿಕೆಯಾಗಿತ್ತು. ತಪ್ಪು ಮಾಡದವನಿಗೆ ಏಕೆ ನಾಚಿಕೆಯಾಗಬೇಕೋ, ಭಾವನ ಮುಖ ನೋಡಲಾರದೆ ಹಾರ ಸರಿಮಾಡತೊಡಗಿದ.

ಕುಸುಮ ಸುಮ್ಮನಿರಲಿಲ್ಲ. ತಟ್ಟೆಯಲ್ಲಿ ಕಡ್ಲೆಪುರಿ ಹಿಡಿದು ನಿಂತಿದ್ದವಳು ಅದನ್ನು ಕೆಳಗಿಟ್ಟಳು.

"ಬುಡಿ ಅಂದ್ರೆ ಎಂಗೆ ಬುಡೋದು? ಆ ಮೆಶಿನ್ನ ಬಿಚ್ಚಿ ಬಿಚ್ಚಿ ನೋಡಿದ್ರು ಸಾರ್ ಇವ್ರು, ಊಟ ಬುಟ್ಟು. ಎಲ್ ತಪ್ಪದೆ, ಎಲ್ ತಪ್ಪದೆ ಅಂತ. ನಾನೂ ಬೈದೆ, ನಿಮ್ ಕೈಗೇನ್ ಬಂದದೆ ಅಂತ. ನಾನೇ ಬೈದ್ಬುಟ್ಟೆ!" ಅವಳ ಕಣ್ಣು ತುಂಬಿತು, ದನಿ ಮಾತ್ರ ಇಳಿಯಲಿಲ್ಲ. "ಅಂಗ್ಡಿ ಮುಂದೆ ಅಷ್ಟು ಜನರ ಎದುರಿಗೆ ಬೈದ್ರಿ. ಈಗ ಇಲ್ಲಿ ಬಾಗ್ಲು ಹಾಕ್ಕಂಡು ನಮಗೆ ಹೇಳಿದ್ರೆ ಏನ್ ಬಂತು? ಅಲ್ಲೇ ಹೋಗಿ ಹೇಳಿ."

"ಕುಸುಮ!" ಎಂದು ಗದರಿದ ಮಹೇಂದ್ರ.

"ಅವಳು ಹೇಳ್ತಿರೋದು ಸರಿ ಕಣಪ್ಪ" ಎಂದರು ಭಾವ. ಆ ಕುಂಕುಮದ ಗೇರನ್ನು ಕೇಳಿ ತೆಗೆದುಕೊಂಡು, ಅಂಗಿಯ ಜೇಬಿಗೆ ಹಿಡಿಸದೆ, ಎದೆಗವಚಿಕೊಂಡು ನನ್ನ ಸ್ಕೂಟರ್ ಹತ್ತಿದರು. ಇಸ್ತ್ರಿ ಅಂಗಿಗೆಲ್ಲ ಕುಂಕುಮವಾಯಿತು.

ಮಾರನೆಯ ದಿನ ವಿಜಯದಶಮಿ. ಎಲ್ಲರ ಮನೆಯಲ್ಲೂ ನೆಂಟರು, ಬೆಳಿಗ್ಗೆಯೇ ಲಿಂಗರಾಜುವಿನ ಅಂಗಡಿಯ ಮುಂದೆ ಸಾಲು. ಭಾವ ಸಾಲಿನಲ್ಲೇ ನಿಂತರು. ಮುಂದೆ ಹೋಗಿ ಎಂದವರಿಗೆ ಬೇಡ ಎಂದರು. ಸಾಲಿನ ಕೊನೆಯಲ್ಲಿ ಕುಸುಮ ಕೈಚೀಲ ಹಿಡಿದು ನಿಂತಿದ್ದನ್ನು ನಾನು ನೋಡಿದೆ. ಭಾವನೂ ನೋಡಿದರು.

ಸರದಿ ಬಂದಾಗ ಅವರು ಗಂಟಲು ಸರಿಮಾಡಿಕೊಂಡು, ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದರು.

"ಲಿಂಗರಾಜು, ನಿನ್ನ ಬೀಜ ಸುಟ್ಟದ್ದು ನಾನು. ಮಹೇಂದ್ರ ಅಲ್ಲ. ನನ್ನ ಡ್ರಾಯಿಂಗ್ ತಪ್ಪಾಗಿತ್ತು. ಅವತ್ತು ಇಲ್ಲೇ ನಿಂತು ಅವನನ್ನ ಬೈದೆ, ಅದಕ್ಕೇ ಇಲ್ಲೇ ಬಂದು ಹೇಳ್ತಿದೀನಿ."

ಲಿಂಗರಾಜು ಪೊಟ್ಟಣ ಕಟ್ಟುತ್ತಿದ್ದ ಕೈ ನಿಲ್ಲಿಸಿದ. ಮುಖವೆಲ್ಲ ಅರಳಿತು. ಸಾಲಿನವರ ಕಡೆ 'ನೋಡಿದಿರಾ' ಎಂಬಂತೆ ನೋಡಿದ.

"ದೊಡ್ಡೋರು ಅಂದ್ರೆ ಇಂಗಿರ್ಬೇಕು ನೋಡಿ! ಆ ಹುಡುಗನ ಹೊಟ್ಟೆಪಾಡು ಹಾಳಾಯ್ತದೆ ಅಂತ ತಪ್ಪ ತಮ್ ಮೇಲೆ ಹಾಕ್ಕತಾವ್ರೆ. ಬುಡಿ ಸಾರ್, ನಂಗೊತ್ತಿಲ್ವಾ ನೀವು ಎಂಥೋರು ಅಂತ!"

ಸಾಲಿನಲ್ಲಿ ಒಬ್ಬಿಬ್ಬರು ಅಯ್ಯೋ ಪಾಪ ಎಂದರು. ಯಾರೋ ಕೈ ಮುಗಿದರು. ಭಾವನ ಮುಖ ಅವತ್ತು ಕಂಡಂತೆ ನಾನು ಎಂದೂ ಕಂಡಿಲ್ಲ. ಬೈಸಿಕೊಳ್ಳಲು ಬಂದವರ ಕೊರಳಿಗೆ ಹಾರ ಬಿದ್ದಿತ್ತು. ಒಂದು ಕ್ಷಣ, ದೇವರಾಣೆ, ಇವರು ಆ ಹಾರವನ್ನೇ ಹಾಕಿಕೊಂಡು ಹೊರಟುಬಿಡುತ್ತಾರೆ ಎಂದು ನಾನು ಹೆದರಿದೆ. ಹೊರಡುವುದು ಎಷ್ಟು ಸುಲಭವಿತ್ತು. ಕುಸುಮ ಸಾಲಿನ ಕೊನೆಯಿಂದ ನೋಡುತ್ತಲೇ ಇದ್ದಳು.

"ನಿಮ್ಮಪ್ಪನ ಕಾಲದ ಆ ಮುರುಕು ಗೇರು ಎಲ್ಲಿದೆ?" ಎಂದರು.

ಅದು ಕೌಂಟರಿನ ಮೇಲೇ ಇತ್ತು, ಪೇಪರ್ ಕವರುಗಳು ಹಾರದಂತೆ ಇಟ್ಟಿದ್ದ. ಭಾವ ಚೀಲದಿಂದ ಕುಂಕುಮದ ಗೇರನ್ನು ತೆಗೆದು ಕೌಂಟರಿನ ಮೇಲಿಟ್ಟರು. ಅದರ ಮೇಲೆ ಹಳೆಯದನ್ನು, ತೂತಿಗೆ ತೂತು, ಹಲ್ಲಿಗೆ ಹಲ್ಲು ಬರುವಂತೆ ಕೂರಿಸಿದರು.

"ಕೆಳಗಿರೋದು ನನ್ನ ಡ್ರಾಯಿಂಗಿನ ಹೊಸದು. ಮಹೇಂದ್ರ ಡ್ರಾಯಿಂಗಿನ ಅಳತೆಗೇ ಕತ್ತರಿಸಿದಾನೆ, ನಾನೇ ಅಳೆದು ನೋಡಿದೀನಿ. ಮೇಲಿರೋದು ಹಳೇದು. ಹಳೇದು ಸವೆದಿದೆ ಅಂತ ಹೇಳಿ ನಾನು ಬರೆದೆ. ಈಗ ನಿನ್ನ ಉಗುರಿನಿಂದ ಅಂಚು ಸವರಿ ನೋಡು."

ಲಿಂಗರಾಜು ಸವರಿದ. ಉಗುರು ಸಿಕ್ಕಿಕೊಂಡಿತು. ಸುತ್ತಲೂ ಸವರಿದ, ಸುತ್ತಲೂ ಸಿಕ್ಕಿಕೊಂಡಿತು. ಮೇಲಿನ ಹಳೆಯ ಗೇರು ಕೆಳಗಿನ ಹೊಸದಕ್ಕಿಂತ ದೊಡ್ಡದಿತ್ತು. ಭಾವ ಹಿಂದೆ ನಿಂತವರನ್ನೂ ಕರೆದು ಸವರಲು ಹೇಳಿದರು. ಸೋಮಮ್ಮ ಎಂಬ ಒಬ್ಬ ಮುದುಕಿ, ಆ ಬೀದಿಯಲ್ಲೇ ಹೂ ಕಟ್ಟುವವಳು, ಎರಡು ಸಲ ಸವರಿ ನೋಡಿ ಭಾವನ ಮುಖ ನೋಡಿದಳು.

"ಅಲ್ಲ ಕಣಪ್ಪ, ಸವೆದದ್ದು ಎಲ್ಲಾದ್ರೂ ದೊಡ್ಡದಾದದಾ?"

"ಆಗಲ್ಲ ಕಣಮ್ಮ" ಎಂದರು ಭಾವ. "ಅದು ನನಗೆ ಹೊಳೀಲಿಲ್ಲ."

ಸಾಲು ನಕ್ಕಿತು. ಕೆಟ್ಟ ನಗೆಯಲ್ಲ, ಆದರೆ ನಗೆ. ಅವರ ಮಾತಿಗಲ್ಲ, ಅವರಿಗೆ. ಭಾವ ಅದು ಮುಗಿಯುವವರೆಗೂ ಕೌಂಟರಿನ ಮೇಲೆ ಕೈಯಿಟ್ಟು ನಿಂತಿದ್ದರು. ಲಿಂಗರಾಜು ಮಾತ್ರ ನಗಲಿಲ್ಲ. ಎರಡು ಗೇರುಗಳನ್ನೂ ನೋಡುತ್ತಿದ್ದ.

"ಅಂಗಾರೆ ನಾನು ಆ ಹುಡುಗನ ಬಗ್ಗೆ ಊರಿಗೆಲ್ಲ ಏನೇನೋ ಅಂದ್ಬುಟ್ನಲ್ಲ ಸಾರ್. ನೀವು ಇಂಗ್ ಮಾಡ್ಬಾರ್ದಾಗಿತ್ತು" ಎಂದ. ಭಾವನೊಡನೆ ಅವನು ಅಂಥ ದನಿಯಲ್ಲಿ ಮಾತನಾಡಿದ್ದು ಅದೇ ಮೊದಲು.

"ಮಾಡಬಾರದಾಗಿತ್ತು" ಎಂದರು ಭಾವ.

ಲಿಂಗರಾಜು ಅಲ್ಲೇ, ಸಾಲನ್ನು ನಿಲ್ಲಿಸಿ, ಮಹೇಂದ್ರನಿಗೆ ಫೋನ್ ಮಾಡಿದ. ಏನು ಮಾತನಾಡಿದನೋ ನಾವು ಕೇಳಿಸಿಕೊಳ್ಳಲಿಲ್ಲ. ಭಾವ ನನ್ನ ತೋಳು ಹಿಡಿದು ಹೊರಗೆ ಬಂದುಬಿಟ್ಟಿದ್ದರು. ಕುಸುಮ ತನ್ನ ಸರದಿಯವರೆಗೆ ನಿಂತು, ಕಾಲು ಕೆಜಿ ಪುಡಿ ಕಟ್ಟಿಸಿಕೊಂಡು, ನಮ್ಮ ಮುಂದೆಯೇ ಹೋದಳು. ತಿರುಗಿ ನೋಡಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ನಂಜನಗೂಡಿನವರು ಬಂದು, ಕಾಫಿ ಕುಡಿದು, ಬರಿಗೈಯಲ್ಲಿ ಹೋದರಂತೆ. ಗಿರಣಿಯವರು ಒಬ್ಬೊಬ್ಬರಾಗಿ ಮಹೇಂದ್ರನ ಹತ್ತಿರ ಮರಳಿದರು. ನಮ್ಮ ಭಾವನ ಹತ್ತಿರ ಅಷ್ಟು ಬೇಗ ಮರಳಲಿಲ್ಲ. ಗೇಟಿನ ಬೋರ್ಡನ್ನು ಅವರೇ ಬಿಚ್ಚಿ ಅಟ್ಟಕ್ಕೆ ಹಾಕಿದರು. ಅಕ್ಕನಿಗೆ ಎಲ್ಲ ಗೊತ್ತಾಗಿ, ಎರಡು ದಿನ ಅವರೊಡನೆ ಮಾತು ಬಿಟ್ಟು, ಮೂರನೆಯ ದಿನ ಕೇಳದೆಯೇ ಕಾಫಿ ತಂದು ಮುಂದಿಟ್ಟಳು.

ಕಾರ್ತಿಕದಲ್ಲಿ ಒಬ್ಬ ಶಾವಿಗೆಯವನು ಮುರಿದ ಗೇರು ತಂದ. ಭಾವ ಅಳೆದರು, ಬರೆದರು, ಮಹೇಂದ್ರನ ವಾಟ್ಸ್ಆ್ಯಪಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ.

"ಸಾರ್, ಕೆಳಗೆ ತಪಾಸಣೆ ಅನ್ನೋ ಕಡೆ ನನ್ನ ಹೆಸ್ರು ಹಾಕಿದೀರಲ್ಲ? ತಪ್ಪಾಗಿ ಬಂದದಾ?"

"ತಪ್ಪಲ್ಲಪ್ಪ. ನೀನು ನೋಡಿ ಸರಿ ಅಂದಮೇಲೇ ಕತ್ತರಿಸು."

ಆ ಕಡೆ ಹಿಂದೆ ಕುಸುಮ ಏನೋ ಹೇಳುತ್ತಿದ್ದದ್ದು ಕೇಳಿಸಿತು. ಆಮೇಲೆ ಮಹೇಂದ್ರ, ಅಳುಕುತ್ತಲೇ, "ಅಂಗಾರೆ ಸಾರ್... ಆ ಹಳೇ ಗೇರಿನ ಅಗಲ ಇನ್ನೊಂದ್ಸಲ ಅಳೀತೀರಾ?" ಎಂದ.

ಅಳೆದದ್ದು ಸರಿಯಾಗಿಯೇ ಇತ್ತು, ನಾನೇ ನೋಡಿದ್ದೆ. ಭಾವ ಫೋನನ್ನು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡು, ಕ್ಯಾಲಿಪರ್ ತೆಗೆದುಕೊಂಡು ಮತ್ತೆ ಅಳೆಯಲು ಕೂತರು.